5316ನೇ ನಂಬರಿನ ದನಿ

ಟಕ್, ಟಕ್.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿದೆ, ರಾತ್ರಿ ಕಳೆದಿಲ್ಲ. ಮೀನು ಸುಡುವ ಒಲೆಗಳ ಹೊಗೆ ತುಂಬಿದ ಓಣಿಯಲ್ಲಿ ಒಂದೇ ಮನೆಯಿಂದ ಈ ಸಣ್ಣ ಸದ್ದು ಬರುತ್ತಿದೆ. ಮೈಕಿನ ಜಾಲರಿಯನ್ನು ಯಾರೋ ಉಗುರಿನಿಂದ ತಟ್ಟುತ್ತಿದ್ದಾರೆ. ಕರೋಕೆ ಪೆಟ್ಟಿಗೆ ಬಾಡಿಗೆಗೆ ಕೊಡುವವರೆಲ್ಲ 'ಹಲೋ, ಹಲೋ' ಎಂದು ಮೈಕನ್ನು ಪರೀಕ್ಷಿಸುತ್ತಾರೆ. ನೆಮೆಸಿಯೊ ಅರ್ಸೀಯ ಅವರು ಮಾತ್ರ ಉಗುರಿನಿಂದ ತಟ್ಟಿ ನೋಡುತ್ತಾರೆ. ಹಲೋ ಎಂದರೆ ತಮ್ಮ ದನಿ ಸ್ಪೀಕರಿನಿಂದ ದೊಡ್ಡದಾಗಿ ಹೊರಬರುತ್ತದೆ. ಅದನ್ನು ಕೇಳುವುದು ಅವರಿಗೆ ಬೇಕಾಗಿಲ್ಲ.

"ಸ್ಟಾರ್ ಸಾಹೇಬ್ರೇ, ಮೊದ್ಲು ಕಸದ ಚೀಲ ಹೊರಗಿಡಿ. ಗಾಡಿ ಬರೋ ಹೊತ್ತಾಯ್ತು" ಎಂದು ಹೆಂಡತಿ ಫೆಲಿಸಿತಾಸ್ ಒಳಗಿನಿಂದಲೇ ಕೂಗುತ್ತಾರೆ. ಅವರ ಕೈಯಲ್ಲಿ ಉಪ್ಪುನೀರಿನ ಬುಟ್ಟಿಯಿದೆ. ಬೆಳಗಾಗುವುದರೊಳಗೆ ಎರಡು ಬುಟ್ಟಿ ಮೀನು ಹೊಗೆ ಹಿಡಿಸಲು ಒಲೆಯ ಮೇಲೆ ಹೋಗಬೇಕು.

ನೆಮೆಸಿಯೊ ಅವರ ಬಳಿ ಐದು ಪೆಟ್ಟಿಗೆಗಳಿವೆ. ಒಂದೊಂದೂ ಆಳೆತ್ತರ, ನಲವತ್ತು ಕಿಲೋ ತೂಕ. ಅವನ್ನು ಮೂರು ಚಕ್ರದ ಗಾಡಿಗೆ ಕಟ್ಟಿ ಹುಟ್ಟುಹಬ್ಬ, ನಾಮಕರಣ, ಹಡಗಿನಿಂದ ಬಂದವರ ಔತಣಗಳಿಗೆ ಮುಟ್ಟಿಸುತ್ತಾರೆ. ರಾತ್ರಿ ಹತ್ತಕ್ಕೆ ಹಾಡು ನಿಲ್ಲಬೇಕೆಂಬುದು ಊರಿನ ಕಟ್ಟಳೆ. ಬೆಳಗಿನ ಜಾವ ಅವರು ಮನೆಮನೆಗೆ ಹೋಗಿ ಪೆಟ್ಟಿಗೆಗಳನ್ನು ವಾಪಸು ತರುತ್ತಾರೆ. ಗುಂಡಿಗಳ ಸಂದಿನಲ್ಲಿ ಹಂದಿಮಾಂಸದ ಜಿಡ್ಡು, ಮೈಕಿನಲ್ಲಿ ಬಿಯರಿನ ವಾಸನೆ, ಸ್ಪೀಕರಿನ ಹಿಂದೆ ಜಿರಳೆ. ಮೈಕಿನ ಸ್ಪಂಜನ್ನು ವಿನೆಗರ್ ನೀರಿನಲ್ಲಿ ಅದ್ದಿ ಮೀನಿನ ತಟ್ಟೆಗಳ ಪಕ್ಕದಲ್ಲೇ ಒಣಹಾಕುತ್ತಾರೆ. ಡಿಸೆಂಬರಿನಲ್ಲಿ ಒಂದು ದಿನವೂ ಬಿಡುವಿಲ್ಲ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಯಾರೂ ಹಾಡುವುದಿಲ್ಲ. ಆ ವಾರವೆಲ್ಲ ಅವರು ತಂತಿಗಳನ್ನು ಬೆಸೆಯುತ್ತ ಕೂರುತ್ತಾರೆ.

ಐದರಲ್ಲಿ ನಾಲ್ಕು ಪೆಟ್ಟಿಗೆಗಳಿಗೆ ಹೊಸ ಹಾಡುಗಳು ಬಂದಿವೆ. ಮೂಲೆಯಲ್ಲಿರುವ ಐದನೆಯದು ಹಳೆಯದು, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಅದರ ಹಾಡಿನ ಪುಸ್ತಕದಲ್ಲಿ 5316ನೇ ನಂಬರಿನ ಎದುರು 'ಮರಳಲ್ಲಿ ನಿನ್ನ ಚಪ್ಪಲಿ, ಗಾಯಕ: ರಿಕೊ ಸೆರಾನೊ' ಎಂದು ಅಚ್ಚಾಗಿದೆ. ಈ ಹಳೆಯ ಪೆಟ್ಟಿಗೆಯಲ್ಲಿ ಬೇಕೆಂದರೆ ವಾದ್ಯದ ಜೊತೆಗೆ ಗಾಯಕನ ದನಿಯನ್ನೂ ಕೇಳಬಹುದು. ಹೊಸ ಪೆಟ್ಟಿಗೆಗಳಲ್ಲಿ ಆ ಹಾಡಿಲ್ಲ.

ರಿಕೊ ಸೆರಾನೊ ಎಂದರೆ ಇದೇ ನೆಮೆಸಿಯೊ.

ಊರಿನವರಿಗೆ ಗುರುತು ಸಿಗಬಾರದು ಎಂಬುದು ಈ ಕಥೆ ಹೇಳಲು ಅವರು ಹಾಕಿದ ಒಂದೇ ಷರತ್ತು. ಅದಕ್ಕಾಗಿ ಇಲ್ಲಿನ ಹೆಸರುಗಳನ್ನೂ ಹಾಡಿನ ನಂಬರನ್ನೂ ಬದಲಿಸಲಾಗಿದೆ. ಊರು ಕವೀತೆ ಪ್ರಾಂತ್ಯದ ಕಡಲ ತೀರದ್ದು ಎಂದಷ್ಟೇ ಹೇಳಬಹುದು.

1988ರಲ್ಲಿ ಆ ಹಾಡು ಜೀಪ್ನಿ ಎಂಬ ಬಾಡಿಗೆ ವ್ಯಾನುಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಮಧ್ಯಾಹ್ನದ ಟಿವಿಯಲ್ಲಿ ಎಡೆಬಿಡದೆ ಕೇಳಿಬರುತ್ತಿತ್ತು. ಉದ್ದ ಕೂದಲು, ಕಪ್ಪು ಕನ್ನಡಕ, ತೆರೆದ ಎದೆಯ ಬಿಳಿ ಅಂಗಿ. ಸೆಬು ನಗರದಲ್ಲಿ ಹುಡುಗಿಯರು ಅಂಗಿಯ ಗುಂಡಿಗಳನ್ನೆಲ್ಲ ಕಿತ್ತುಕೊಂಡು ಹೋದರು. ಮರುವರ್ಷ ಬಂದ ಎರಡನೆಯ ಕ್ಯಾಸೆಟ್ಟನ್ನು ಯಾರೂ ಕೊಳ್ಳಲಿಲ್ಲ. ಮೂರನೆಯದು ಹೊರಬರುವ ಮೊದಲೇ ಕಂಪನಿ ಮುಚ್ಚಿತು. ಮೂಲ ಟೇಪು ಪ್ರವಾಹದಲ್ಲಿ ಹೋಯಿತು. ಆಮೇಲೆ ಹನ್ನೊಂದು ವರ್ಷ ಬಹ್ರೇನಿನ ಒಂದು ಹೋಟೆಲಿನಲ್ಲಿ, ಊಟ ಮಾಡುವವರ ಬೆನ್ನಿಗೆ, ಬೇರೆಯವರ ಹಾಡು. 2006ರಲ್ಲಿ ಗಂಟಲಿನಲ್ಲಿ ಗಂಟು. ಅದನ್ನು ತೆಗೆದರು, ದನಿ ಮರಳಲಿಲ್ಲ. ಈಗ ಮಾತನಾಡಿದರೆ ಒಣಗಿದ ತೆಂಗಿನ ಗರಿ ಎಳೆದಂತೆ ಕೇಳುತ್ತದೆ.

"ರಿಕೊ ಗಲ್ಫ್‌ನಲ್ಲಿ ಸತ್ತೋದ ಅಂತ ಯಾರೋ ಹಬ್ಬಿಸಿದ್ರು. ನಾನು ಅಲ್ಲೇ ಇದ್ದೆ. ಅಲ್ಲ ಅಂತ ಹೇಳೋಕೆ ನನ್ನನ್ನ ಯಾರೂ ಕೇಳ್ಲಿಲ್ಲವಲ್ಲ" ಎಂದು ಅವರು ನಗುತ್ತಾರೆ. ನಗುವಿನ ಕೊನೆಗೆ ಕೆಮ್ಮು ಬರುತ್ತದೆ.

2006ರಲ್ಲೇ ಹೆಂಡತಿಯ ತವರಾದ ಈ ಊರಿಗೆ ಬಂದಾಗ ತಲೆಯ ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು. ಯಾರೂ ಗುರುತು ಹಿಡಿಯಲಿಲ್ಲ. ಒಂದೇ ಒಂದು ಸಲ, ಮೀನು ಮಾರುಕಟ್ಟೆಯ ಹಿಂದೆ ಕುಡಿಯುತ್ತ ಕೂತವರಿಗೆ ಅವರೇ ಬಾಯಿಬಿಟ್ಟರು. ಹಾಗಾದರೆ ಹಾಡು ನೋಡೋಣ ಎಂದು ಮೈಕು ಕೈಗಿಟ್ಟರು. ತಮ್ಮದೇ ಪೆಟ್ಟಿಗೆ, ತಮ್ಮದೇ ಹಾಡು. ಎರಡನೆಯ ಸಾಲಿಗೆ ಗಂಟಲು ಕಟ್ಟಿತು. ಹಾಡಿದವರಿಗೆಲ್ಲ ಅಂಕ ಕೊಡುವ ಪೆಟ್ಟಿಗೆ ತುತ್ತೂರಿ ಊದಿ ತೋರಿಸಿತು: ನೂರಕ್ಕೆ ಅರವತ್ತೊಂದು.

"ಕುಯಾ, ನನ್ನ ಜೂಜಿನ ಹುಂಜ ಕೂಗಿದ್ರೂ ಎಪ್ಪತ್ತು ಬರ್ತಿತ್ತು!" ಎಂದು ಒಬ್ಬ ನೆಲ ಬಡಿದು ನಕ್ಕ. ಕುಯಾ ಎಂದರೆ ಅಣ್ಣ. ಊರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಆ ಗುಂಪು ಆ ಮಾತನ್ನು ಒಂದು ವಾರ ಆಡಿಕೊಂಡು ಮರೆಯಿತು. ಮನೆಯಲ್ಲಿ 'ಸ್ಟಾರ್ ಸಾಹೇಬ್ರು' ಎಂಬುದು ಅಂದಿನಿಂದ ಉಳಿದಿದೆ.

ಆದರೂ ಒಂದು ಆಸೆ ಹೋಗಲಿಲ್ಲ. "ದುಡ್ಡು ಬೇಡ, ಟಿವಿ ಬೇಡ. ಆ ಹಾಡು ಕೇಳ್ತಿರೋರು ಯಾರಾದ್ರೂ ಒಬ್ರು, ಒಬ್ರೇ ಸಾಕು, ತಿರುಗಿ ನನ್ನ ಮುಖ ನೋಡಿ, ಇದು ನೀನೇ ಅಲ್ವಾ ಅನ್ಬೇಕು. ನಾನು ಹೂಂ ಅನ್ಬೇಕು. ಅಷ್ಟೇ." ಹಳೆಯ ಪೆಟ್ಟಿಗೆಯನ್ನು ಮಾರದೆ, ಅದರ ಸುಟ್ಟ ಬೋರ್ಡನ್ನು ಮತ್ತೆ ಮತ್ತೆ ಬೆಸೆದು ಉಳಿಸಿಕೊಂಡಿರುವುದು ಇದಕ್ಕೇ. ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಯಾರಾದರೂ ನಂಬದಿದ್ದರೆ ತೋರಿಸಲು.

ಆ ಪೆಟ್ಟಿಗೆಯನ್ನೇ ಬೇಕೆಂದು ಕೇಳುವವರು ಊರಾಚೆಯ ಬೀದಿಯ ಇಲುಮಿನಾದಾ ಒಬ್ಬರೇ. ವಯಸ್ಸು ಅರವತ್ತಮೂರು. ಗಂಡ ಎಲೂತೆರಿಯೊ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು, ತೀರಿಕೊಂಡು ಎಂಟು ವರ್ಷವಾಯಿತು. ಇಲುಮಿನಾದಾ ಪ್ರತಿವರ್ಷ ಹುಟ್ಟುಹಬ್ಬಕ್ಕೆ ಹಳೆಯ ಪೆಟ್ಟಿಗೆ ತರಿಸಿ 5316 ಒತ್ತುತ್ತಾರೆ. ಈ ವರ್ಷ ಮೂರು ಸಲ ಒತ್ತಿದರಂತೆ.

ಹುಟ್ಟುಹಬ್ಬದ ಮರುದಿನ ಭಾನುವಾರ. ಬೆಳಗಿನ ಐದೂಕಾಲಿಗೆ ನೆಮೆಸಿಯೊ ಆಕೆಯ ಅಂಗಳದಲ್ಲಿ ತಂತಿ ಸುತ್ತುತ್ತಿದ್ದಾರೆ. ಇಲುಮಿನಾದಾ ಮಂಡಿನೋವಿನಿಂದ ಚರ್ಚಿಗೆ ಹೋಗಿಲ್ಲ, ಕಡ್ಡಿ ಪೊರಕೆಯಿಂದ ಎಲೆ ಗುಡಿಸುತ್ತಿದ್ದಾರೆ. ಪೂಜೆಗೆ ಮುಂಚೆ ಚರ್ಚಿನ ಧ್ವನಿವರ್ಧಕದಲ್ಲಿ ಆ ದಿನ ಪ್ರಾರ್ಥನೆ ಮಾಡಿಸಿದವರ ಪಟ್ಟಿ ಓದುತ್ತಾರೆ, ಮೊದಲು ಹುಟ್ಟುಹಬ್ಬದವರದು, ಕೊನೆಗೆ ಸತ್ತವರದು. ಹೆಸರುಗಳು ತೆಂಗಿನ ಮರಗಳ ಮೇಲಿನಿಂದ ತೇಲಿಬರುತ್ತವೆ, ನೆಮೆಸಿಯೊ ಅವರ ಓಣಿಯವರೆಗೆ ಅವು ಮುಟ್ಟುವುದಿಲ್ಲ. ಇಂಥವರ ಆತ್ಮಕ್ಕೆ. ಇಂಥವರ ಆತ್ಮಕ್ಕೆ. ಎಲೂತೆರಿಯೊ ಬಯಾನಿ ಅವರ ಆತ್ಮಕ್ಕೆ.

"ರಿಕೊ ಸೆರಾನೊ ಅವರ ಆತ್ಮಕ್ಕೆ."

ಪೊರಕೆ ನಿಲ್ಲಿಸಿ ಇಲುಮಿನಾದಾ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನೆಮೆಸಿಯೊ ಅವರ ಕೈಯಿಂದ ತಂತಿಯ ಸುರುಳಿ ಬಿಚ್ಚಿ ನೆಲಕ್ಕೆ ಬೀಳುತ್ತದೆ.

"ಕೊನೇದು ಯಾರ ಹೆಸ್ರು ಆತೆ?" ಆತೆ, ಅಂದರೆ ಅಕ್ಕ, ಎಂದು ಕರೆಯುವಾಗ ನೆಮೆಸಿಯೊ ಅವರ ದನಿ ಇನ್ನಷ್ಟು ಒಡೆಯುತ್ತದೆ.

"ನಿನ್ನ ಪೆಟ್ಟಿಗೇಲಿ ಹಾಡ್ತಾನಲ್ಲ ಕುಯಾ, ಚಪ್ಪಲಿ ಹಾಡು, ಅವನೇ. ಗಲ್ಫ್‌ನಲ್ಲಿ ತೀರ್ಕೊಂಡನಂತೆ ಪಾಪ. ಹೆಂಡ್ತಿ ಮಕ್ಳು ಇದ್ರೋ ಇಲ್ವೋ. ಒಂದು ಪ್ರಾರ್ಥನೆ ಮಾಡ್ಸೋಕೂ ಯಾರೂ ಇರಲ್ಲ ಇಂಥೋರಿಗೆ. ಅದಕ್ಕೆ ನಾನೇ ಎಂಟು ವರ್ಷದಿಂದ ಹೆಸ್ರು ಬರೆಸ್ತಿದೀನಿ, ನಮ್ಮೋರ ಹೆಸ್ರಿನ ಪಕ್ಕದಲ್ಲೇ."

"ಪಕ್ಕದಲ್ಲೇ ಯಾಕೆ?"

"ಮದ್ವೆಗೆ ಮೊದ್ಲು ನಮ್ಮೋರು ನಮ್ಮನೆ ಕಿಟಕಿ ಕೆಳಗೆ ನಿಂತು ಇದನ್ನೇ ಹಾಡ್ತಿದ್ರು. ದೇವ್ರಾಣೆ, ಕತ್ತೆ ಗಂಟಲು! ನಮ್ಮಪ್ಪ ನೀರು ಎರಚಿದ್ರು." ಅವರು ನಗುತ್ತಾರೆ, ಆಮೇಲೆ ಪೊರಕೆಗೆ ಗಲ್ಲ ಊರಿ ನಿಲ್ಲುತ್ತಾರೆ. "ಸಾಯೋವಾಗ ಆಸ್ಪತ್ರೇಲಿ ಬಾಯಿ ಆಡ್ಸಿದ್ದೂ ಅದೇ ಹಾಡಿಗೆ. ಈಗ ಅಲ್ಲಿ ಇಬ್ರೂ ಒಟ್ಗೆ ಇರ್ತಾರೆ. ಅವನು ಹಾಡ್ತಾನೆ, ಇವ್ರು ಕೇಳ್ತಾರೆ. ಇವ್ರು ಒಬ್ರೇ ಇದಾರೆ ಅಂದ್ಕೊಂಡ್ರೆ ನಂಗೆ ನಿದ್ದೆ ಬರಲ್ಲ ಕುಯಾ."

ಹತ್ತೊಂಬತ್ತು ವರ್ಷ ಕಾದ ಗಳಿಗೆ ಅಂಗಳದಲ್ಲಿ ನಿಂತಿದೆ. ಪರ್ಸು ಹಿಂದಿನ ಜೇಬಿನಲ್ಲಿದೆ. ನೆಮೆಸಿಯೊ ಅವರ ಕೈ ಅಲ್ಲಿಯವರೆಗೆ ಹೋಗುತ್ತದೆ, ಅಲ್ಲೇ ಇರುತ್ತದೆ.

"ಯಾಕೆ, ನಿಂಗೆ ಅವನು ಗೊತ್ತಿದ್ನಾ?" ಇಲುಮಿನಾದಾ ತಿರುಗಿ ಅವರ ಮುಖವನ್ನೇ ನೋಡುತ್ತಾರೆ.

"ಹಾಡು ಗೊತ್ತು."

"ಎಂಥಾ ದನಿ ಅಲ್ವಾ?"

"ಹೂಂ" ಎನ್ನುತ್ತಾರೆ ನೆಮೆಸಿಯೊ. ಬಿದ್ದ ತಂತಿಯನ್ನು ಎತ್ತಿ ಸುತ್ತುತ್ತ, "ಒಳ್ಳೇ ದನಿ ಇತ್ತು."

ಪೆಟ್ಟಿಗೆಯನ್ನು ಗಾಡಿಗೆ ಏರಿಸಿ ಹಗ್ಗ ಬಿಗಿಯುತ್ತಾರೆ. ಇಲುಮಿನಾದಾ ಮಿಕ್ಕ ನೂಡಲ್ಸಿನ ಪೊಟ್ಟಣ ತಂದು ಸೀಟಿನ ಮೇಲಿಡುತ್ತಾರೆ. "ಮುಂದಿನ ವರ್ಷಕ್ಕೂ ಇದನ್ನ ಇಟ್ಟಿರು ಕುಯಾ. ಮಾರ್ಬಿಟ್ಟೀಯ ಮತ್ತೆ."

"ಇರತ್ತೆ ಆತೆ."

ಮನೆ ಮುಟ್ಟುವಾಗ ಬಿಸಿಲು ಏರಿದೆ. ಫೆಲಿಸಿತಾಸ್ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ, "ಏನು ಇಷ್ಟೊತ್ತು? ಅಭಿಮಾನಿಗಳು ಮುತ್ಕೊಂಡ್ರಾ?" ಎನ್ನುತ್ತಾರೆ.

"ತಂತಿ ಗೋಜಲಾಗಿತ್ತು."

ಹಳೆಯ ಪೆಟ್ಟಿಗೆಯನ್ನು ಮೂಲೆಗೆ ಸರಿಸಿ, ಮೈಕನ್ನು ಒರೆಸಿ, ಉಗುರಿನಿಂದ ತಟ್ಟಿ ನೋಡುತ್ತಾರೆ. ಕೆಲಸ ಮಾಡುತ್ತಿದೆ. ಪರ್ಸಿನಿಂದ ಮಡಿಸಿದ ಚಿತ್ರವನ್ನು ತೆಗೆದು ಪೆಟ್ಟಿಗೆಯೊಳಗೆ, ಬೋರ್ಡಿನ ಹಿಂದೆ, ಯಾರ ಕೈಯೂ ಹೋಗದ ಕಡೆ ಸಿಕ್ಕಿಸಿ ಬಾಗಿಲು ಒತ್ತುತ್ತಾರೆ. ಮುಚ್ಚದ ಬಾಗಿಲಿಗೆ ದಾರ ಕಟ್ಟುತ್ತಾರೆ. ರಿಕೊ ಅಲ್ಲೇ ಇರಲಿ, ಎಲೂತೆರಿಯೊ ಒಬ್ಬರೇ ಇರುವುದು ಬೇಡ. ಆ ಅಂಗಳದ ಮಾತನ್ನು ಊರಲ್ಲಿ ಯಾರಿಗೂ, ಫೆಲಿಸಿತಾಸ್‌ಗೂ, ಹೇಳುವುದಿಲ್ಲ.