ಗೋದಾಬಾಯಿಯ ಮೂಸೆಗೆ ಬಿದ್ದ ಬೀಗರ ತಂಬಿಗೆ

ಗೋದಾಬಾಯಿ ಹುಬ್ಬಳ್ಳಿಯ ಮನೆ ಖಾಲಿ ಮಾಡಿ ಮಗನ ಹತ್ತಿರ ಇರಲು ಮಡಗಾಂವಿಗೆ ಬಂದ ದಿನ, ಆಕೆಯ ಟ್ರಂಕನ್ನು ರಿಕ್ಷಾದಿಂದ ಇಳಿಸಲು ಇಬ್ಬರು ಬೇಕಾದರು. ಸೊಸೆ ಧನಶ್ರೀ ಒಳಗೆ ತಾಮ್ರ-ಹಿತ್ತಾಳೆಯ ಹಳೆಯ ಪಾತ್ರೆಗಳಿರಬಹುದು ಎಂದುಕೊಂಡಳು. ತೆರೆದು ನೋಡಿದರೆ ಮೇಲೆ ಎರಡು ಸೀರೆ, ಒಂದು ದೇವರ ಪೆಟ್ಟಿಗೆ. ಅದರ ಕೆಳಗೆಲ್ಲ ಸುತ್ತಿಗೆ, ಇಕ್ಕಳ, ಕಾನಸ, ಉಳಿ, ಕಬ್ಬಿಣ ಕೊಯ್ಯುವ ಗರಗಸ.

"ಇವೆಲ್ಲಾ ಮಾವನವರವೇನ್ರಿ?" ಎಂದು ಧನಶ್ರೀ ಕೇಳಿದಳು.

"ತಂದವ್ರು ಅವರು. ಉಪಯೋಗ ಮಾಡಿದಾಕಿ ನಾನು."

ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದವರು. ಹರಾಜಿನಲ್ಲಿ ಹಳೆಯ ಹತ್ಯಾರಗಳನ್ನು ಆಸೆಯಿಂದ ಕೊಂಡು ತರುತ್ತಿದ್ದರೇ ಹೊರತು ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಅವರಿಂದ ಆಗುತ್ತಿರಲಿಲ್ಲ. ಅವರು ಆಫೀಸಿಗೆ ಹೋದ ಮೇಲೆ ಗೋದಾಬಾಯಿ ಅವನ್ನೆಲ್ಲ ಹಿತ್ತಲಿನಲ್ಲಿ ಹರವಿಕೊಂಡು ಕೂಡುತ್ತಿದ್ದಳು. ಸೋರುವ ಕೊಡಕ್ಕೆ ಬೆಸುಗೆ, ಮುರಿದ ಈಳಿಗೆಗೆ ಹೊಸ ಕಾಲು, ಪಕ್ಕದ ಮನೆಯವರ ತೊಟ್ಟಿಲಿಗೆ ಕೊಂಡಿ. ಕಲಿಸಿದವರು ಯಾರೂ ಇಲ್ಲ. ಅದಕ್ಕೇ ಆಕೆ ಮಾಡಿದ್ದರಲ್ಲಿ ಅರ್ಧ ಕೆಲಸ ಕೊಡುತ್ತಿತ್ತು, ಉಳಿದರ್ಧ ಕೈ ಕೊಡುತ್ತಿತ್ತು.

ಮಡಗಾಂವಿನ ಬಾಡಿಗೆ ಮನೆಯ ಹಿಂದೆ ಮಾಲೀಕರು ತೆಂಗಿನಕಾಯಿ ಒಟ್ಟುತ್ತಿದ್ದ ಒಂದು ಕೋಣೆ ಇತ್ತು. ಗೋದಾಬಾಯಿ ಅವರಿಗೆ ಕೋಳಿಗೂಡಿನ ಬಾಗಿಲು ಮಾಡಿಕೊಟ್ಟು ಆ ಕೋಣೆಯನ್ನು ಗಿಟ್ಟಿಸಿಕೊಂಡಳು. ಕಚ್ಚೆ ಸೀರೆಯ ಮೇಲೆ ಮಗನ ಹಳೆಯ ಅಂಗಿ, ಕಣ್ಣಿಗೆ ಮೋಟರ್‌ಸೈಕಲ್ಲಿನವರು ಹಾಕುವ ಕಪ್ಪು ಕನ್ನಡಕ. ದೇವರ ಪೂಜೆ ಮುಗಿಸಿ ಹಿಂದಿನ ಕೋಣೆ ಹೊಕ್ಕರೆ ಊಟಕ್ಕೆ ಕರೆಯುವ ತನಕ ಹೊರಬರುತ್ತಿರಲಿಲ್ಲ.

ಮಗ ವ್ಯಾಸರಾಜ ಬ್ಯಾಂಕಿನಲ್ಲಿ ಅಧಿಕಾರಿ, ಸಾಧು ಮನುಷ್ಯ. ತಾಯಿಯ ಕೈಚಳಕದ ಮೊದಲ ಬಲಿ ಅವನೇ ಆದ. ಬಚ್ಚಲಮನೆಯ ಬಾಗಿಲಿಗೆ ಆಕೆ ಹೊಸ ಚಿಲಕ ಕೂಡಿಸಿದ್ದಳು. ಬ್ಯಾಂಕಿಗೆ ಮೇಲಧಿಕಾರಿಗಳು ಬರುವ ದಿನ ವ್ಯಾಸರಾಜ ಸ್ನಾನಕ್ಕೆ ಹೋಗಿ ಅದನ್ನು ಹಾಕಿಕೊಂಡ. ಹೊರಗೆ ನಿಂತ ತಾಯಿ ಬಾಗಿಲನ್ನು ದೂಡಿ ನೋಡಿ ಹಿಗ್ಗಿದಳು.

"ಎಷ್ಟು ಚಲೋ ಕೂತದ ನೋಡೋ! ಹೊರಗಿನವರು ಒಳಗ ಬರಲಿಕ್ಕೆ ಸಾಧ್ಯನ ಇಲ್ಲ."

"ಖರೇ ಅವ್ವಾ. ಆದರ ಒಳಗಿನವ ಹೊರಗ ಹೆಂಗ ಬರಬೇಕು?"

ಗೋದಾಬಾಯಿ ಬಾಗಿಲನ್ನು ಇನ್ನೊಮ್ಮೆ ದೂಡಿ ನೋಡಿ ಹೇಳಿದಳು: "ಅದನ್ನ ನಾನು ವಿಚಾರ ಮಾಡಿದ್ದಿಲ್ಲ ನೋಡು."

ವ್ಯಾಸರಾಜ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕಿಟಕಿಯಿಂದ ಇಳಿದದ್ದನ್ನು ಮೀನು ಮಾರುವವಳು ನೋಡಿದಳು. ಅಂದಿನಿಂದ ಆ ಓಣಿಯಲ್ಲಿ ಆಕೆ ಬ್ಯಾಂಕಿನ ಸಾಹೇಬರಿಗೆ ನಮಸ್ಕಾರ ಮಾಡುವಾಗ ನಗುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಎರಕದ ಹುಚ್ಚು ಹಿಡಿಯಿತು. ಗುಜರಿ ಅಂಗಡಿಯ ಸಿಕಂದರ ಬಾದಾಮಿ ಕಡೆಯವನು. ಗೋದಾಬಾಯಿಗೆ ಮಡಗಾಂವಿನಲ್ಲಿ ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಸಿಕ್ಕಿದವನು. ಅವನ ಅಂಗಡಿಯಿಂದ ಒಡೆದ ನಲ್ಲಿ, ಸವೆದ ಬೀಗ, ಸೀಳಿದ ಗಂಟೆ ತಂದು ಕರಗಿಸತೊಡಗಿದಳು. ಎಣ್ಣೆಯ ಡಬ್ಬಿಗೆ ಒಳಗಿನಿಂದ ಮಣ್ಣು ಮೆತ್ತಿದ್ದೇ ಒಲೆ. ಅದರ ನಡುವೆ ಇದ್ದಿಲು. ಇದ್ದಿಲಿನ ನಡುವೆ ಮೂಸೆ, ಅಂದರೆ ಲೋಹ ಕರಗಿಸುವ ಮಣ್ಣಿನ ಕುಡಿಕೆ. ಗಾಳಿ ಊದಲು ತಿದಿ ಎಲ್ಲಿಂದ ತರುವುದು? ಧನಶ್ರೀ ತಲೆಗೂದಲು ಒಣಗಿಸಿಕೊಳ್ಳುವ ಯಂತ್ರ ಇತ್ತಲ್ಲ. ಅದನ್ನು ಬಳಸಿ ಒರೆಸಿ ಮತ್ತೆ ಜಾಗದಲ್ಲಿಡುತ್ತಿದ್ದಳು. ಒಂದು ದಿನ ಧನಶ್ರೀ ಮದುವೆಯ ಆರತಕ್ಷತೆಗೆ ಹೊರಟು ತಲೆ ಒಣಗಿಸಿಕೊಂಡಳು. ಅಲ್ಲಿ ಗೆಳತಿಯೊಬ್ಬಳು, "ಮನ್ಯಾಗ ಹೋಮ ಇತ್ತೇನ? ನಿನ್ನ ಕೂದಲಾಗಿಂದ ಬೂದಿ ಉದುರಲಿಕ್ಕತ್ತದ," ಎಂದಳು.

ಹೀಗಿರುವಾಗ, ಎರಡು ಸಾವಿರದ ಏಳರ ಗಣೇಶ ಚವತಿಗೆ ಬೆಳಗಾವಿಯಿಂದ ಧನಶ್ರೀಯ ತಂದೆ ಆನಂದತೀರ್ಥ ರಾಯರು ಬಂದರು.

ರಾಯರು ನಿವೃತ್ತ ಹೆಡ್‌ಮಾಸ್ತರರು. ಹೆಂಡತಿ ತೀರಿದ ಮೇಲೆ ಅವರ ಶಿಸ್ತು ಇನ್ನಷ್ಟು ಬಿಗಿಯಾಗಿತ್ತು. ಎಲ್ಲಿ ಹೋದರೂ ತಮ್ಮ ಹಿತ್ತಾಳೆಯ ತಂಬಿಗೆ ಜೊತೆಗಿರಬೇಕು. ಬೇರೆಯದರಲ್ಲಿ ನೀರು ಕುಡಿಯುವವರಲ್ಲ. ಅದು ಅವರ ಅಜ್ಜನದಂತೆ. ಅಜ್ಜನ ಹೆಸರೂ ಆನಂದತೀರ್ಥ, ಹಾಗಾಗಿ ಕಂಠದ ಮೇಲೆ 'ಆ. ತೀ.' ಎಂಬ ಅಕ್ಷರ. ಬಂದ ದಿನವೇ ಹಿಂದಿನ ಕೋಣೆಯಲ್ಲಿ ಇಣುಕಿ, ಬಾಗಿಲಲ್ಲೇ ನಿಂತು, ಇಡೀ ಶಾಲೆಗೆ ಕೇಳುವ ದನಿಯಲ್ಲಿ ಹೇಳಿದರು:

"ಬೀಗ್ತಿಯವರ, ಈ ವಯಸ್ಸಿನಾಗ ಇದೇನ್ರಿ? ನಾಲ್ಕು ಮಂದಿ ಹೆಣ್ಣಮಕ್ಕಳ ಜೋಡಿ ಕೂತು ಭಜನಿ ಮಾಡ್ರಿ."

"ಮಾಡತೇನಲ್ರಿ ಬೀಗರ. ಸುತ್ತಿಗಿ ತಾಳಕ್ಕ ಅದ," ಎಂದು ಗೋದಾಬಾಯಿ ಕನ್ನಡಕ ಏರಿಸಿದಳು.

ಮರುದಿನ ಬೆಳಿಗ್ಗೆ ತಂಬಿಗೆ ತೊಳೆಯುವಾಗ ಧನಶ್ರೀಗೆ ಅದರ ತಳ ಸೋರುವುದು ಕಂಡಿತು. ಅಪ್ಪನಿಗೆ ತಿಳಿಯದ ಹಾಗೆ ದುರಸ್ತಿ ಮಾಡಿಸೋಣವೆಂದು ಅದನ್ನು ತಂದು ಅತ್ತೆಯ ಮೇಜಿನ ಮೇಲಿಟ್ಟಳು. ಗೋದಾಬಾಯಿ ಆಗ ಸ್ನಾನಕ್ಕೆ ಹೋಗಿದ್ದಳು. ಧನಶ್ರೀ ಹೇಳಲು ತಿರುಗುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಮಾತು ಮರೆತುಹೋಯಿತು.

ಹೊರಗೆ ಜಡಿಮಳೆ. ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ದೇವರಕೋಣೆಯ ಬಾಗಿಲಿಗೆ ಹಿಡಿಕೆ ಎರಕ ಹೊಯ್ಯಬೇಕೆಂದು ಗೋದಾಬಾಯಿ ಕಪ್ಪು ಕನ್ನಡಕ ಹಾಕಿಕೊಂಡು ಗುಜರಿಯ ರಾಶಿಗೆ ಕೈ ಹಾಕಿದಳು. ರಾಶಿಯ ಪಕ್ಕದಲ್ಲೇ ಒಂದು ತಂಬಿಗೆ. ತಳ ತೂತು, ಮೈ ಸವೆದದ್ದು. ಸಿಕಂದರ ಒಳ್ಳೆಯ ಮಾಲು ಕೊಟ್ಟಿದ್ದಾನೆ ಅಂದುಕೊಂಡು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಮಡಿಚಿ, ಮೂಸೆಗೆ ತುರುಕಿದಳು. ಕರಗಿದ್ದೂ ಆಯಿತು, ಹೊಯ್ದದ್ದೂ ಆಯಿತು. ಆದರೆ ಅಚ್ಚಿಗೆ ತುಂಬಿದ್ದ ಮಳೆಗಾಲದ ಉಸುಕು ಪೂರ್ತಿ ಒಣಗಿರಲಿಲ್ಲ. ಅಚ್ಚಿನಿಂದ 'ಫಟ್' ಎಂದು ಹಬೆ ಎದ್ದು, ಹಿತ್ತಾಳೆ ಕಾರಂಜಿಯಾಗಿ ಚಿಮ್ಮಿ, ಅಂಗಿಯ ತೋಳಿನಲ್ಲಿ ಜರಡಿಯಂತೆ ತೂತು ಬಿದ್ದವು. ಉಳಿದದ್ದು ಹಿಡಿಕೆಯಲ್ಲ, ಒಂದು ಸೊಟ್ಟ ಗಡ್ಡೆ.

ಸದ್ದು ಕೇಳಿ ಓಡಿ ಬಂದ ಧನಶ್ರೀ ಮೊದಲು ಅತ್ತೆಯ ಕೈ ನೋಡಿದಳು, ಆಮೇಲೆ ಮೇಜು ನೋಡಿದಳು.

"ಅತ್ತಿಯವರ, ಇಲ್ಲೆ ಅಪ್ಪನ ತಂಬಿಗಿ ಇಟ್ಟಿದ್ದೆ."

ಗೋದಾಬಾಯಿ ನಿಧಾನಕ್ಕೆ ಇಕ್ಕಳದಿಂದ ಗಡ್ಡೆಯನ್ನು ಎತ್ತಿ ತೋರಿಸಿದಳು. ಅದರಿಂದ ಇನ್ನೂ ಹೊಗೆ ಬರುತ್ತಿತ್ತು.

ಧನಶ್ರೀ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡರೆ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆ-ಸೊಸೆ ಒಟ್ಟಿಗೆ ಇಷ್ಟು ನಕ್ಕಿರಲಿಲ್ಲ. ನಕ್ಕು ಮುಗಿದ ಮೇಲೆ ಭಯ ಹತ್ತಿತು.

"ಅಪ್ಪ ಕೇಳಿದರ?"

"ಮಡೀಲೆ ತೊಳದು ದೇವರ ಮುಂದ ಇಟ್ಟೇನಿ, ಸಂಜಿ ಆರತಿ ಆದಮ್ಯಾಲೆ ಕೊಡತೇನಿ ಅನ್ನು. ದೇವರ ಹೆಸರು ಹೇಳಿದರ ಬೀಗರು ಮುಂದ ಕೇಳೂದಿಲ್ಲ."

ವ್ಯಾಸರಾಜನಿಗೆ ಅಪ್ಪಣೆಯಾಯಿತು: ಮಾವನವರನ್ನು ದೂರದ ಸಾಂಖಳಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗು, ಬೇಗ ಬರಬೇಡ. ಯಾಕೆಂದು ಅವನು ಕೇಳಲಿಲ್ಲ. ಬಚ್ಚಲಮನೆಯ ಕಿಟಕಿ ಇಳಿದಂದಿನಿಂದ ಅವನು ಕೇಳುವುದನ್ನೇ ಬಿಟ್ಟಿದ್ದ.

ಅತ್ತೆ-ಸೊಸೆ ಕೊಡೆ ಹಿಡಿದು ಸಿಕಂದರನ ಅಂಗಡಿಗೆ ಹೋದರು. ಸಿಕಂದರ ಇಡೀ ಕತೆ ಕೇಳಿ, ಮೂಲೆಯ ಚೀಲ ಬುಡಮೇಲು ಮಾಡಿ, ಅದೇ ಆಕಾರದ ಒಂದು ತಂಬಿಗೆ ಹುಡುಕಿದ. "ಅಮ್ಮಾರ, ಇದು ಭಾಳ ಹೊಸಾದು ಕಾಣತೈತಿ. ಹುಣಸಿಹಣ್ಣು ಹಚ್ಚಬ್ಯಾಡ್ರಿ, ಇನ್ನೂ ಹೊಳೀತೈತಿ. ಮಜ್ಜಿಗಿ, ಬೂದಿ ಕಲಿಸಿ ಸವರಿ ಬಿಡ್ರಿ," ಎಂದು ಸಲಹೆಯನ್ನೂ ಕೊಟ್ಟ.

ಮಜ್ಜಿಗೆ, ಬೂದಿ ಆಯಿತು. ಕಾನಸದಿಂದ ಅಂಚು ಸವೆಸಿದ್ದೂ ಆಯಿತು. ಉಳಿದದ್ದು ಹಳೆಯದರ ಹೊಟ್ಟೆಯ ಮೇಲಿದ್ದಂಥ ತಗ್ಗುಗಳು ಮತ್ತು ಕಂಠದ ಅಕ್ಷರ. ಅಷ್ಟರಲ್ಲಿ ಸ್ಕೂಟರಿನ ಸದ್ದು. ರಾಯರು ಬಂದೇಬಿಟ್ಟರು.

ಸಂಜೆ ಮನೆಯಲ್ಲಿ ಗಣಪತಿಯ ಆರತಿ ಶುರುವಾಯಿತು. ಅಕ್ಕಪಕ್ಕದವರೆಲ್ಲ ಬಂದರು, ಜಾಂಗಟೆ, ತಾಳ ಮೊಳಗಿದವು. ಗೋದಾಬಾಯಿ ಹಿಂದಿನ ಕೋಣೆಯಲ್ಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸುತ್ತಿಗೆ ಎತ್ತಿ ಕಾದಳು. ಒಳಗೆ ಜಾಂಗಟೆ 'ಠಣ್' ಎಂದಾಗ ಇಲ್ಲಿ ಉಳಿಯ ಮೇಲೆ ಒಂದು ಏಟು. ಆರತಿಯ ಲಯ ಏರಿದಂತೆ ಆಕೆಯ ಕೈಯೂ ಏರಿತು. ರಾಯರು ಭಕ್ತಿಯಿಂದ ಕಣ್ಣು ಮುಚ್ಚಿ ಹಾಡುತ್ತಿದ್ದವರು ಪಕ್ಕದ ಅಳಿಯನಿಗೆ, "ಯಾರೋ ಹಿಂದ ಭಾಳ ಚಲೋ ತಾಳಾ ಹಾಕಲಿಕ್ಕತ್ತಾರ," ಎಂದರು. ಧನಶ್ರೀ ದನಿ ಇನ್ನಷ್ಟು ಏರಿಸಿ ಹಾಡಿದಳು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಒಳಗೆ ಜಾಂಗಟೆ ತಟ್ಟನೆ ನಿಂತಿತು. ಗೋದಾಬಾಯಿಯ ಸುತ್ತಿಗೆ ನಿಲ್ಲಲಿಲ್ಲ. 'ಠಣ್' ಎಂಬ ಒಂಟಿ ಸದ್ದು ಮನೆಯೆಲ್ಲ ಕೇಳಿತು, ಉಳಿ ಜಾರಿತು.

ಪ್ರಸಾದದ ಜೊತೆ ತಂಬಿಗೆ ರಾಯರ ಕೈ ಸೇರಿತು. ಅವರು ನೀರು ಎತ್ತಿ ಗಟಗಟ ಕುಡಿದು, ಎಲ್ಲರೆದುರು ಹೇಳಿದರು: "ಗೋವಾದ ನೀರು ಹೆಂಗರ ಇರಲಿ, ನಮ್ಮ ಅಜ್ಜನ ತಂಬಿಗ್ಯಾಗ ಹಾಕಿದರ ಅದಕ್ಕ ರುಚಿನ ಬ್ಯಾರೆ."

ಅತ್ತೆ-ಸೊಸೆ ಒಬ್ಬರನ್ನೊಬ್ಬರು ನೋಡದೆ ಪಾತ್ರೆ ಎತ್ತಲು ಹೋದರು.

ಮರುದಿನ ಬೆಳಿಗ್ಗೆ ರಾಯರು ತಂಬಿಗೆ ಹಿಡಿದು ಹಿಂದಿನ ಕೋಣೆಗೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಸ್ಟೂಲ್ ಎಳೆದು ಕೂತರು.

"ಬೀಗ್ತಿಯವರ, ಇಲ್ಲೇನು ಬರದದ ಓದ್ರಿ."

"ಆ ತೀ."

"ಸರಿಯಾಗಿ ಓದ್ರಿ. ದೀರ್ಘ ಎಲ್ಲಿಯದ? 'ಆ ತಿ' ಅಂತದ. ಮೂವತ್ತು ವರ್ಷ ಕನ್ನಡ ಕಲಿಸೇನಿ ನಾನು. ಮತ್ತ ನನ್ನ ತಂಬಿಗಿ ಸೋರತಿತ್ತು. ತೂತಿಗೆ ನಾನ ಮೇಣ ಒತ್ತಿದ್ದೆ. ಇದು ಒಂದು ಹನಿನೂ ಬಿಡೂದಿಲ್ಲ."

ಗೋದಾಬಾಯಿ ಕನ್ನಡಕ ತೆಗೆದಿಟ್ಟಳು. ಮೇಜಿನ ಕೆಳಗಿನಿಂದ ಗಡ್ಡೆಯನ್ನು ತೆಗೆದು ಅವರ ಮುಂದಿಟ್ಟಳು. "ತಪ್ಪು ಆಗ್ಯದ್ರಿ. ನಿಮ್ಮ ಅಜ್ಜನವರನ್ನ ನಾನ ಕರಗಿಸಿಬಿಟ್ಟೆ."

ರಾಯರು ಗಡ್ಡೆಯನ್ನು ತಿರುಗಿಸಿ ನೋಡಿದರು. ನಗುವಿಗೆ ಭುಜ ಅಲುಗತೊಡಗಿತು. ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿದರು.

"ಅಜ್ಜನ ತಂಬಿಗಿ ಎಲ್ಲಿಯದರಿ? ಅದನ್ನ ಲೋಂಡಾ ಸ್ಟೇಷನ್ನಿನ ನಳದ ಕೆಳಗ ಬಿಟ್ಟು, ಹೊಂಟ ಗಾಡಿಗೆ ಓಡಿ ಹತ್ತಿದವ ನಾನು. ಆಗ ಇನ್ನೂ ಮೀಸಿ ಬಂದಿದ್ದಿಲ್ಲ. ಅಪ್ಪನ ಹೆದರಿಕಿಗೆ ಬೆಳಗಾವಿ ಪೇಟ್ಯಾಗ ಇಂಥಾದ್ದೊಂದು ತಗೊಂಡು ಅಕ್ಷರ ಕೊರಿಸಿದೆ. ಅಪ್ಪಗೂ ತಿಳೀಲಿಲ್ಲ, ನನ್ನಾಕಿಗೂ ತಿಳೀಲಿಲ್ಲ. ನಮ್ಮ ಧನಶ್ರೀಗ ಹೇಳೀರಿ ಮತ್ತ!"

"ನಾ ಯಾಕ ಹೇಳಲಿ? ಆದರ ನೀವು ಭಜನಿ ಮಾತು ತೆಗೀಬಾರದು."

"ತೆಗೆಯೂದಿಲ್ಲ. ಒಂದು ಮಾತು ಕೇಳಲೇನು? ಮೊನ್ನೆ ಆ ಗಾಳಿ ಊದೂ ಯಂತ್ರ ನೋಡಿದೆ. ನನಗೂ ಒಮ್ಮೆ ಹಿಡೀಲಿಕ್ಕೆ ಕೊಡತೀರೇನು?"

ಗಣಪತಿ ಹೋದ ಮೇಲೂ ರಾಯರು ಬೆಳಗಾವಿಯ ಬಸ್ಸು ಹತ್ತಲಿಲ್ಲ. ಧನಶ್ರೀ ಬೆಳಿಗ್ಗೆ ಚಹಾ ಕೊಡಲು ಹೋದರೆ ಅಪ್ಪ ಧೋತರ ಮೇಲೆ ಕಟ್ಟಿ ಒಲೆಯ ಮುಂದೆ ಕೂತಿರುತ್ತಿದ್ದರು, ಮುಖವೆಲ್ಲ ಮಸಿ. ಒಳಗಿನಿಂದ ಜಗಳ ಕೇಳುತ್ತಿತ್ತು.

"ಬೀಗರ, ದೂರ ಸರೀರಿ, ಧೋತರ ಹತ್ತತದ!"

"ನೀವು ಸರಿಯಾಗಿ ಹೊಯ್ರಿ ಮೊದಲು. ಕೈ ಅಲಗಲಿಕ್ಕತ್ತದ."

ರಾಯರ ಮೊದಲ ಕೃತಿ ಒಂದು ಸೌಟು. ಅಚ್ಚು ಅರ್ಧ ಕುಸಿದದ್ದರಿಂದ ಅದರ ಹಿಡಿ ಎಡಕ್ಕೆ ಹೊರಳಿತ್ತು, ತಳದಲ್ಲಿ ಬೆರಳು ತೂರುವಷ್ಟು ತೂತು. ಗೋದಾಬಾಯಿ ಅದನ್ನು ಮತ್ತೆ ಮೂಸೆಗೆ ಹಾಕಲು ಹೊರಟಾಗ ರಾಯರು ಕಸಿದುಕೊಂಡು ಎದೆಗವಚಿ ನಿಂತರು. ಕಡೆಗೂ ಊರಿಗೆ ಹೊರಟ ದಿನ ಬಸ್ಸಿನಲ್ಲಿ ಅವರ ಕೈಯಲ್ಲಿದ್ದುದನ್ನು ನೋಡಿ ಪಕ್ಕದ ಸೀಟಿನವರು, ಇದೇನ್ರಿ ಎಂದು ಕೇಳಿದರು.

"ಸಾರಿನ ಸೌಟು. ಸ್ವಂತ ಕೈಲೆ ಮಾಡಿದ್ದು," ಎಂದರು ರಾಯರು. "ಬ್ಯಾಳಿ ಮ್ಯಾಲೆ ಉಳೀತದ, ತಿಳಿ ಕೆಳಗ ಇಳೀತದ. ಪ್ಯಾಟ್ಯಾಗ ಇಂಥಾದ್ದು ಸಿಗೂದಿಲ್ಲ."

ಕಿಟಕಿಯ ಕೆಳಗೆ ನಿಂತಿದ್ದ ಗೋದಾಬಾಯಿ ಹೌದೆಂದು ಗಂಭೀರವಾಗಿ ತಲೆಯಾಡಿಸಿದಳು.