ಹೆಬ್ಬೆರಳು ಮಡಚಿ ಕೂತ ತಿಂಗಳು

ಚನ್ನಪಟ್ಟಣದ ಪೀರ್ ಅಹ್ಮದ್ ಮ್ಯಾನ್‌ಹಟನ್ನಿನಿಂದಾಚೆಯ ಫ್ಲೋರಲ್ ಪಾರ್ಕ್ ಬಡಾವಣೆಯಲ್ಲಿ ಹಲಾಲ್ ಮಾಂಸದ ಅಂಗಡಿ ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವನು. ದಿನವಿಡೀ ನಿಂತೇ ಇರುತ್ತಿದ್ದ. ಮಧ್ಯಾಹ್ನ ಅಂಗಡಿಯ ಹಿಂದಿನ ಒಲೆಯ ಮೇಲೆ ಕುರಿಯ ಲಿವರಿನ ಕಲೇಜಿ ಹುರಿದುಕೊಂಡು ರೊಟ್ಟಿಯ ಜೊತೆ ತಿನ್ನುವುದೊಂದೇ ಅವನ ಸುಖ. ಹೊಟ್ಟೆ ಬಂತು. ಹೊಟ್ಟೆಯ ಹಿಂದೆಯೇ ಗೌಟ್ ಎಂಬ ಕೀಲುನೋವು ಬಂತು.

ಮೊದಲ ಸಲ ಬಂದದ್ದು ಹೆಂಡತಿ ಮಸರತ್‌ಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಎದ್ದರೆ ಗಂಡನ ಬಲಗಾಲಿನ ಹೆಬ್ಬೆರಳು ಊದಿ ಟೊಮೆಟೊ ಆಗಿತ್ತು. ಹೊದಿಕೆಯ ಅಂಚು ತಾಕಿದ್ದಕ್ಕೇ ಅಷ್ಟು ದೊಡ್ಡ ಗಂಡಸು ಮಗುವಿನಂತೆ ಕಿರುಚಿಕೊಂಡ. ನಾಲ್ಕಾರು ದಿನಕ್ಕೆ ಇಳಿಯಿತು. ಆಮೇಲೆ ಬರುವುದು, ಹೋಗುವುದು. ಬಂದಾಗಲೆಲ್ಲ ಔಷಧಿ ಅಂಗಡಿಯ ನೋವಿನ ಮಾತ್ರೆ ನುಂಗಿ ಶಟರ್ ಎತ್ತುತ್ತಿದ್ದ. ಕಿಡ್ನಿಯ ಮಾತು ಬರುವ ಹೊತ್ತಿಗೆ ಅದರ ಶಕ್ತಿಯಲ್ಲಿ ಉಳಿದಿದ್ದು ಐದರಲ್ಲಿ ಒಂದು ಪಾಲು.

ಮ್ಯಾನ್‌ಹಟನ್ನಿನ ಆಸ್ಪತ್ರೆಯ ಡಾಕ್ಟರ್ ಶ್ರದ್ಧಾ ಕಾರ್ಕಳದ ಕಡೆಯವಳು. ಕನ್ನಡದವರು ಎಂದು ತಿಳಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಂಕಲ್, ಈ ಹೊಟ್ಟೆ ಸುಮ್ಮನೆ ಕೂತಿಲ್ಲ ಮಾರಾಯ್ರೆ. ಒಳಗಿನ ಕೊಬ್ಬು ಯೂರಿಕ್ ಆಸಿಡ್ ಜಾಸ್ತಿ ಮಾಡ್ತದೆ. ಅದನ್ನು ಹೊರಗೆ ಹಾಕುವ ಶಕ್ತಿ ನಿಮ್ಮ ಕಿಡ್ನಿಗಿಲ್ಲ. ಉಳಿದದ್ದು ಬೆರಳಲ್ಲಿ ಹರಳಾಗಿ ಕೂರ್ತದೆ. ನೋವಿಗೆ ಅಂತ ಆ ಮಾತ್ರೆ ನುಂಗಿದ್ರೆ ಕಿಡ್ನಿ ಇನ್ನಷ್ಟು ಹಾಳು. ಇನ್ನು ಮೇಲೆ ಆ ಮಾತ್ರೆ ನಿಮಗೆ ವಿಷ."

"ಕಿಡ್ನಿ ನಾನು ಕೊಡ್ತೀನಿ," ಎಂದಳು ಮಸರತ್, ಯಾರೂ ಕೇಳುವ ಮೊದಲೇ.

"ಕೊಡಬಹುದು ಆಂಟಿ, ನಿಮ್ಮ ಟೆಸ್ಟ್ ಆಗ್ಲಿ. ಆದ್ರೆ ಇಷ್ಟು ಭಾರ ಇಟ್ಕೊಂಡ್ರೆ ಸರ್ಜನ್ ಅಂಕಲನ್ನ ಮುಟ್ಟುದಿಲ್ಲ. ಮೂವತ್ತು ಪೌಂಡ್ ಇಳಿಸ್ಬೇಕು. ನಿಧಾನಕ್ಕೆ, ಒಂದು ವರ್ಷ ಹಿಡೀಲಿ. ಉಪವಾಸ ಬಿದ್ದು ಇಳಿಸ್ಲಿಕ್ಕೆ ಹೋಗ್ಬೇಡಿ. ಕೊಬ್ಬು ಗಡಬಿಡಿಯಲ್ಲಿ ಕರಗಿದ್ರೆ ರಕ್ತಕ್ಕೆ ಬೇರೆ ಆಸಿಡ್ ಬರ್ತದೆ, ಅದು ಯೂರಿಕ್ ಆಸಿಡ್‌ಗೆ ಹೊರಗೆ ಹೋಗುವ ದಾರಿ ಬಿಡುದಿಲ್ಲ. ಗೌಟ್ ಮತ್ತೆ ಏಳ್ತದೆ. ಈ ಸಲ ರಂಜಾನಿಗೆ ರೋಜಾ ಉಪವಾಸ ಬೇಡ."

ಕಾರು ಹತ್ತಿದ ಮೇಲೆ ಪೀರ್ ಅಹ್ಮದ್ ಗೆದ್ದವನಂತೆ ನಕ್ಕ. "ನೋಡಿದ್ಯಾ ಮಸರತ್? ಮೂವತ್ತು ಪೌಂಡ್ ಇಳಿಸು ಅಂದ್ರು, ಅಲ್ಲಾಹ್ ರಂಜಾನ್ ಕಳಿಸ್ತಾ ಇದ್ದಾನೆ."

"ರೋಜಾ ಬೇಡ ಅಂದ್ರಲ್ಲ ರೀ! ಕಾಯಿಲೆಯವರಿಗೆ ಮಾಫಿ ಇದೆ. ರೋಜಾ ಬದಲಿಗೆ ಫಿದ್ಯಾ ಕೊಟ್ಟು ಬಡವರಿಗೆ ಊಟ ಹಾಕೋಣ."

"ಬಡವರು ಉಂಡ್ರೆ ನನ್ನ ಹೊಟ್ಟೆ ಇಳಿಯುತ್ತಾ?"

ಮನೆಯಲ್ಲಿ ಅವರ ಮಾತು ದಖ್ಖನಿ ಉರ್ದು, ಜಗಳ ಮಾತ್ರ ಕನ್ನಡ. ಈಗ ಪಿಸ್ಕಾಟವೇಯ ಕಾಲೇಜಿನಲ್ಲಿದ್ದು ಓದುವ ಮಗಳು ತಹ್ರೀಮ್‌ಗೆ ತಿಳಿಯದಿರಲೆಂದು ಅವಳು ಚಿಕ್ಕವಳಿದ್ದಾಗ ಮಾಡಿಕೊಂಡ ಏರ್ಪಾಡು ಅದು. ಆ ವಾರವೆಲ್ಲ ಮನೆಯಲ್ಲಿ ಕನ್ನಡವೇ ನಡೆಯಿತು. ಗೆದ್ದದ್ದು ಪೀರ್ ಅಹ್ಮದ್.

ಸಂಜೆ ರೋಜಾ ಬಿಡುವ ಇಫ್ತಾರಿಗೆ ಎರಡು ಖರ್ಜೂರ, ಅರ್ಧ ಬಟ್ಟಲು ಗಂಜಿ, ಅಷ್ಟೇ. ಬೆಳಗಿನ ಜಾವದ ಸಹರಿಗೆ ನೀರು. ತೂಕದ ಮುಳ್ಳು ಇಳಿದಾಗಲೆಲ್ಲ ಮಸರತ್‌ಳನ್ನು ಕೂಗಿ ತೋರಿಸುತ್ತಿದ್ದ. ಅವಳಿಗೂ ಒಂದು ಗಳಿಗೆ ಆಸೆ ಹುಟ್ಟಿತೆಂದರೆ ಸುಳ್ಳಲ್ಲ. ತನ್ನ ರಕ್ತ, ಮೂತ್ರವೆಲ್ಲ ಟೆಸ್ಟಿಗೆ ಕೊಟ್ಟು ಬಂದಿದ್ದಳು. ಅವನ ತೂಕ, ತನ್ನ ಟೆಸ್ಟು ಎರಡೂ ಕೂಡಿಬಂದರೆ ಬೇಸಿಗೆಯಲ್ಲೇ ಆಪರೇಷನ್ ಆಗಬಹುದು ಎಂದುಕೊಂಡಳು.

ಎರಡನೆಯ ವಾರ ಹೆಬ್ಬೆರಳು ಊದಿತು.

ನಮಾಜಿನಲ್ಲಿ ಕೂರುವಾಗ ಬಲಪಾದ ನೆಟ್ಟಗೆ ನಿಲ್ಲಿಸಿ ಬೆರಳುಗಳನ್ನು ಮಡಚಬೇಕು. ಮೈಯ ಭಾರವೆಲ್ಲ ಆ ಹೆಬ್ಬೆರಳಿನ ಮೇಲೆ. ಆಗದವರಿಗೆಂದು ಮಸೀದಿಯಲ್ಲಿ ಕುರ್ಚಿಗಳ ಸಾಲಿದೆ. ಆದರೆ ವರ್ಷಗಟ್ಟಲೆ ಆ ಸಾಲಿನವರನ್ನು ಆಡಿಕೊಂಡವನು ಪೀರ್ ಅಹ್ಮದನೇ. "ಏನು ಸಾಕಿಬ್ ಭಾಯ್, ಅಲ್ಲಾಹುವಿನ ಮುಂದೂ ಮ್ಯಾನೇಜರ್ ಥರ ಕುರ್ಚಿ ಬೇಕಾ?" ಎಂದು ಗೆಳೆಯನನ್ನು ಕೆಣಕಿದರೆ ಸಾಕಿಬ್, "ಪಕ್ಕದ್ದು ನಿಂಗೇ ರಿಸರ್ವ್ ಮಾಡಿದ್ದೀನಿ, ಬಾ," ಎನ್ನುತ್ತಿದ್ದ. ರಂಜಾನಿನಲ್ಲಂತೂ ರಾತ್ರಿಯ ತರಾವೀಹ್ ನಮಾಜಿಗೆ ಇಪ್ಪತ್ತು ರಕಾತ್, ಎಂದರೆ ಇಪ್ಪತ್ತು ಸುತ್ತು. ಎರಡು ರಕಾತಿಗೊಮ್ಮೆಯಂತೆ ಹತ್ತು ಸಲ ಹೆಚ್ಚು ಹೊತ್ತು ಹಾಗೆ ಕೂರಬೇಕು.

ಬೆರಳು ಊದಿದ್ದರೂ ಪೀರ್ ಅಹ್ಮದ್ ಮಸೀದಿಗೆ ಕುಂಟದೆ ಹೋಗಿ ಕುಂಟದೆ ಬರುತ್ತಿದ್ದ. ಮಸರತ್‌ಗೆ ಅದೇ ಹೆದರಿಕೆಯಾಯಿತು. ಒಂದು ಸಂಜೆ ಅವನ ಕೋಟು ನೇತುಹಾಕುವಾಗ ಜೇಬಿನಲ್ಲಿ ಏನೋ ಗಲಗಲ ಎಂದಿತು. ಮಾತ್ರೆಯ ಬಾಟಲಿ. ಅರ್ಧ ಖಾಲಿ.

"ಇದು ವಿಷ ಅಂದಿದ್ರಲ್ಲ ರೀ."

ಪೀರ್ ಅಹ್ಮದ್ ತಲೆ ಎತ್ತಲಿಲ್ಲ. "ಇಫ್ತಾರ್ ಆದ ಮೇಲೆ ಎರಡು ನುಂಗಿದ್ರೆ ತರಾವೀಹ್ ಮುಗಿಯೋವರೆಗೂ ಕೂರೋಕಾಗುತ್ತೆ. ಈದ್ ತನಕ ಬಿಡು. ನಾನು ಅಲ್ಲಾಹುವಿನ ಮುಂದೆ ಸರಿಯಾಗಿ ಕೂತು ಎಷ್ಟು ದಿನ ಆಗಿತ್ತು ಗೊತ್ತಾ?"

ಅವನ ದನಿಯಲ್ಲಿ ಹಟವಿರಲಿಲ್ಲ, ಬೇಡಿಕೆ ಇತ್ತು. ಡಾಕ್ಟರಿಗೆ ಫೋನ್ ಮಾಡಬೇಕೆಂದು ಮಸರತ್‌ಗೆ ಗೊತ್ತಿತ್ತು. ಗಂಡನನ್ನು ನಮಾಜಿನಿಂದ ಎಬ್ಬಿಸಿದ ಪಾಪ ತನಗೆ ಬೇಡ ಎಂದುಕೊಂಡು ಬಾಟಲಿಯನ್ನು ಮತ್ತೆ ಜೇಬಿಗೇ ಹಾಕಿದಳು.

ಈದ್‌ನ ಬೆಳಿಗ್ಗೆ ಅವನ ಮುಖ ಉಬ್ಬಿತ್ತು. ಶೀರ್ ಖುರ್ಮಾ ಪಾಯಸ ಬಾಯಿಗಿಡುವ ಮೊದಲೇ ವಾಂತಿ. ಆಂಬುಲೆನ್ಸ್ ಬಂತು. ಕಿಡ್ನಿಯಲ್ಲಿ ಉಳಿದಿದ್ದ ಆ ಒಂದು ಪಾಲೂ ಹೋಗಿತ್ತು. ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಶುರುಮಾಡಿದರು.

ಅವನು ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಸೆಂಟರಿಗೆ ಮಸರತ್ ಡ್ರೈವ್ ಮಾಡುತ್ತಿದ್ದಳು. ಹಾಗೊಂದು ದಿನ, ಅವನನ್ನು ಒಳಗೆ ಬಿಟ್ಟು ಕಾರಿಡಾರಿನಲ್ಲಿ ಕೂತಿದ್ದಾಗ ಶ್ರದ್ಧಾ ಫೋನ್ ಮಾಡಿದಳು.

"ಆಂಟಿ, ನಿಮ್ಮ ರಿಪೋರ್ಟ್ ಬಂತು. ಲಿವರ್ ತುಂಬ ಕೊಬ್ಬಿದೆ. ಶುಗರ್ ಇದೆ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಉಂಟು, ಅಂದ್ರೆ ನಿಮ್ಮ ಕಿಡ್ನಿಗೂ ಏಟು ಬಿದ್ದಿದೆ. ನಿಮ್ಮದು ತಗೊಳ್ಲಿಕ್ಕೆ ಆಗುದಿಲ್ಲ."

"ನಾನೂ ತೂಕ ಇಳಿಸಿದ್ರೆ? ನಿಧಾನಕ್ಕೇ ಇಳಿಸ್ತೀನಿ ಡಾಕ್ಟರ್."

"ಇಳಿಸಿ ಆಂಟಿ. ನಿಮಗೋಸ್ಕರ ಇಳಿಸಿ. ಅಂಕಲ್ ಹೆಸರು ಕಿಡ್ನಿಗೆ ಕಾಯುವವರ ಲಿಸ್ಟಿಗೆ ಹಾಕುವ. ಆದ್ರೆ ಇಲ್ಲಿ ತುಂಬ ವರ್ಷ ಕಾಯ್ಬೇಕಾಗ್ತದೆ. ಅವರ ಹಾರ್ಟೂ ವೀಕ್ ಆಗಿದೆ."

ಅಷ್ಟು ವರ್ಷ ಕಾಯುವ ಆಯಸ್ಸು ಗಂಡನಲ್ಲಿ ಇಲ್ಲ ಎಂಬುದನ್ನು ಆ ಹುಡುಗಿ ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡವರು ತಾವಿಬ್ಬರೂ. ತನ್ನ ಮೈಯಲ್ಲಿ ಅವನಿಗೆಂದು ಒಂದು ಒಳ್ಳೆಯ ಭಾಗ ಉಳಿದಿದೆಯೆಂದು ಯಾವ ಧೈರ್ಯದ ಮೇಲೆ ನಂಬಿದ್ದೆನೋ ಎಂದುಕೊಂಡಳು ಮಸರತ್.

ಒಳಗೆ ಹೋದಾಗ ಪೀರ್ ಅಹ್ಮದ್ ಕಣ್ಣು ತೆರೆದ. "ಡಾಕ್ಟರಮ್ಮನ ಫೋನಾ?"

"ಹೂಂ. ನಂದು ಆಗಲ್ವಂತೆ ರೀ."

ಯಂತ್ರದ ಕೊಳವೆಯಲ್ಲಿ ಅವನ ರಕ್ತ ಸುತ್ತುತ್ತಿತ್ತು. ಅವನು ಅದನ್ನೇ ನೋಡುತ್ತ ಕನ್ನಡದಲ್ಲೇ ಅಂದ, "ತಹ್ರೀಮ್‌ಗೆ ಹೇಳ್ಬೇಡ. ನಿಂದು ಇದೆ ಅಂತ ಅವಳು ಸುಮ್ನಿದ್ದಾಳೆ. ಗೊತ್ತಾದ್ರೆ ತನ್ನದು ಕೊಡ್ತೀನಿ ಅಂತ ಬರ್ತಾಳೆ. ಅವಳೂ ನಮ್ಮ ಮನೆ ಅನ್ನ ತಿಂದು ಬೆಳೆದವಳು. ಅವಳ ಎರಡೂ ಕಿಡ್ನಿ ಅವಳಿಗೇ ಬೇಕಾಗುತ್ತೆ."

ಮಗಳನ್ನು ಕೇಳಿ ನೋಡೋಣ ಎಂಬ ಮಾತನ್ನು ಮಸರತ್ ನುಂಗಿಕೊಂಡಳು. ಗಂಡ ಬದುಕಲಿ ಎಂದು ಅವಳು ಪ್ರಾರ್ಥನೆಗೆ ಎತ್ತುತ್ತಿದ್ದ ಕೈ ಈಗ ಮಗಳ ಮೈಯ ಕಡೆಗೇ ಚಾಚಿದಂತೆ ಆಗುತ್ತಿತ್ತು.

"ಹೇಳಲ್ಲ," ಎಂದಳು.

ಪೀರ್ ಅಹ್ಮದ್ ಸಮಾಧಾನವಾದವನಂತೆ ಕಣ್ಣು ಮುಚ್ಚಿದ.