ಎಂಟು ಇಪ್ಪತ್ತರ ಬದಲಾಪುರ ಲೋಕಲ್ ಮತ್ತು ನನ್ನ ಕೊನೆಯ ದೃಶ್ಯ

ಮುಂಬಯಿ ಹತ್ತಿರದ ವಾಶಿಯ ಆಫೀಸೊಂದರಲ್ಲಿ ಫೈಲು ನೋಡಿ ಸಂಬಳ ಪಡೆಯುತ್ತಿದ್ದೆ. ಆದರೆ ಯಾರಾದರೂ ಕೇಳಿದರೆ ನಾನು ನಾಟಕಕಾರ. ಡೊಂಬಿವಲಿಯ ನಮ್ಮ ಕನ್ನಡ ಸಂಘಕ್ಕೆ ವರ್ಷಕ್ಕೊಂದು ನಾಟಕ ಬರೆದು ಆಡಿಸುತ್ತಿದ್ದೆ. ಸಂಘದಲ್ಲಿ ಬೇರೆ ಯಾರೂ ಬರೆಯುತ್ತಿರಲಿಲ್ಲ, ಹಾಗಾಗಿ ನಾನೇ ಶ್ರೇಷ್ಠ.

ನನಗೊಬ್ಬರು ಅಭಿಮಾನಿಯೂ ಇದ್ದರು. ಬದಲಾಪುರದ ಅಕ್ಕ, ಉಡುಪಿ ಕಡೆಯವರು. ಗಂಡ ಹೋಟೆಲಿನ ಮ್ಯಾನೇಜರು. ಅಕ್ಕ ನನ್ನ ಒಂದು ನಾಟಕವನ್ನೂ ತಪ್ಪಿಸಿದವರಲ್ಲ, ಒಂದರ ಕೊನೆಯನ್ನೂ ನೋಡಿದವರಲ್ಲ. ಎಂಟು ಇಪ್ಪತ್ತರ ಬದಲಾಪುರ ಲೋಕಲ್ ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಎಂಟಕ್ಕೆ ಸರಿಯಾಗಿ ನನ್ನ ಕೊನೆಯ ದೃಶ್ಯದ ಪರದೆ ಏಳುವಾಗ ಅವರೂ ಆ ಕಡೆ ಹೋಗುವ ಅರ್ಧ ಸಭೆಯೂ ಎದ್ದು ಹೊರಡುತ್ತಿದ್ದರು. ಕೊನೆಯ ದೃಶ್ಯವೆಂದರೆ ನನ್ನ ಪ್ರಾಣ. ಅದನ್ನು ಅಕ್ಕ ಒಮ್ಮೆ ನೋಡಬೇಕು, ಅದೊಂದೇ ನನ್ನ ಆಸೆಯಾಗಿತ್ತು.

ಒಂದು ವರ್ಷ ಸಂಘಕ್ಕೆ ಡೇಟಾ ಬಂತು. ಕಾರ್ಯದರ್ಶಿಯ ಸೊಸೆ ಐರೋಲಿಯ ಕಂಪನಿಯಲ್ಲಿದ್ದಳು. ಜನ ಮೊಬೈಲಿನಲ್ಲಿ ಸಿನಿಮಾ ನೋಡುವಾಗ ಯಾವ ನಿಮಿಷಕ್ಕೆ ಬಿಟ್ಟುಬಿಡುತ್ತಾರೆ ಎಂದು ಪತ್ತೆ ಮಾಡುವ ಕೆಲಸ. ನಾಟಕದ ದಿನ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು, ಹೊರಹೋಗುವವರನ್ನು ಎಣಿಸುತ್ತ ಕೂತಳು. ಮುಂದಿನ ಮೀಟಿಂಗಿನಲ್ಲಿ ಗ್ರಾಫ್ ತೋರಿಸಿದಳು. ಎಂಟು ಗಂಟೆಗೆ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗೆ ಹೋಗಿತ್ತು.

"ಅಂಕಲ್, ಕ್ಲೈಮ್ಯಾಕ್ಸ್ ವೀಕ್ ಹೈ. ದೇಖೋ, ಸಬ್ ಉಠ್ ಗಯೇ." ಎಲ್ಲರೂ ಎದ್ದು ಹೋದರಂತೆ.

"ಅದು ಕ್ಲೈಮ್ಯಾಕ್ಸ್ ಅಲ್ಲ ಮಾರಾಯ್ತಿ, ಬದಲಾಪುರ ಲೋಕಲ್," ಎಂದೆ.

"ಡೇಟಾ ಮೇ ಟ್ರೇನ್ ಕಾ ಕಾಲಮ್ ನಹೀಂ ಹೈ," ಎಂದಳು. ಅವಳ ಲೆಕ್ಕದಲ್ಲಿ ರೈಲಿಗೆ ಜಾಗವೇ ಇಲ್ಲ. ಅವಳು ಥಾಣೆಯಿಂದ ಕಾರಿನಲ್ಲಿ ಬರುವವಳು.

ಸಮಿತಿಯ ಮುಕ್ಕಾಲು ಪಾಲು ಜನ ಅದೇ ಲೋಕಲ್ಲಿಗೆ ಓಡುವವರು. ಆದರೂ ಬಣ್ಣದ ಗ್ರಾಫ್ ಕಂಡದ್ದೇ, "ಹೌದೌದು, ಕ್ಲೈಮ್ಯಾಕ್ಸ್ ವೀಕೇ" ಎಂದರು. ತಾವು ಯಾಕೆ ಎದ್ದು ಹೋದೆವೆಂಬುದು ಪಾಪ, ಅವರಿಗೆ ಆಗಲೇ ತಿಳಿದದ್ದು! ಮುಂದಿನ ವರ್ಷ ಅದೇ ನಾಟಕವನ್ನು ಮತ್ತೆ ಆಡುವುದು, ಕೊನೆಯ ದೃಶ್ಯವನ್ನು ಮೊದಲು ತೋರಿಸಿ ಚಹಾ ಕೊಡುವುದು, ಉಳಿದದ್ದೆಲ್ಲ ಫ್ಲ್ಯಾಶ್‌ಬ್ಯಾಕ್ ಎಂದು ತೀರ್ಮಾನವಾಯಿತು. ಮೈಯೆಲ್ಲ ಉರಿಯಿತು. ಆದರೆ ಅಕ್ಕ ನೆನಪಾಗಿ, ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಹೇಳದೆ ಮದುವೆಯಾದ ಮಗಳನ್ನು ಮನೆಯಿಂದ ಹೊರಗೆ ಹಾಕುವ ಅಪ್ಪನ ಕಥೆ ಅದು. ಕೊನೆಗೆ ಮಗಳು ಬಂದು ಕಾಲಿಗೆ ಬೀಳುತ್ತಾಳೆ. ಅಪ್ಪ ಹನ್ನೆರಡು ನಿಮಿಷ ಮಾತಾಡಿ ಕ್ಷಮಿಸುತ್ತಾನೆ. ಅಪ್ಪನ ಪಾತ್ರ ನನ್ನದೇ. ಮುಂದಿನ ವರ್ಷ ಪರದೆ ಎದ್ದಾಗ ಆ ಹನ್ನೆರಡು ನಿಮಿಷವೂ ನಾನು ಮೂರನೇ ಸಾಲಿನ ಅಕ್ಕನಿಗೇ ಹೇಳಿದೆ. ಅವರು ಪಕ್ಕದ ಹೆಂಗಸಿನ ಮುಖ ನೋಡುತ್ತಿದ್ದರು.

ಚಹಾದ ಹೊತ್ತಿಗೆ ಬಣ್ಣದಲ್ಲೇ ಓಡಿದೆ.

"ಹೇಗಾಯ್ತು ಅಕ್ಕ?"

"ಇದಾ ಮಾಸ್ಟ್ರೇ ಕೊನೆ?" ಎಂದರು. "ಬೇಜಾರು ಮಾಡ್ಬೇಡಿ. ಹೋದ ಸಲ ನಾವು ನಾಲ್ಕು ಹೆಂಗಸರು ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ನಾವೇ ಒಂದು ಕೊನೆ ಕಟ್ಟಿ ಇದನ್ನು ಮುಗಿಸಿದ್ದೆವು. ಪ್ರತಿ ವರ್ಷ ಮುಗಿಸ್ತೇವೆ, ಅಂಬರನಾಥ ಸ್ಟೇಷನ್ ಬರುವುದರೊಳಗೆ."

"ನಿಮ್ಮದರಲ್ಲಿ ಏನಾಗ್ತದೆ?"

"ಮಗಳು ಬರುವುದೇ ಇಲ್ಲ. ಅವಳು ಎಂತಕ್ಕೆ ಬರ್ಬೇಕು, ತಪ್ಪು ಅವಳದ್ದಾ? ಅಪ್ಪನೇ ಹೋಗ್ತಾನೆ. ಬೆಲ್ ಒತ್ತಲಿಕ್ಕೆ ಧೈರ್ಯ ಇಲ್ಲ, ಮೆಟ್ಟಿಲಲ್ಲಿ ಕೂತ್ಕೊಳ್ತಾನೆ. ಅವಳು ಕಸದ ಡಬ್ಬ ಇಡ್ಲಿಕ್ಕೆ ಬಾಗಿಲು ತೆಗೆದು ನೋಡ್ತಾಳೆ. 'ಊಟ ಆಯ್ತಾ ಅಪ್ಪ?' ಅಂತ ಕೇಳ್ತಾಳೆ. ಅಷ್ಟೆ."

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವರದು ನನ್ನದಕ್ಕಿಂತ ಚೆನ್ನಾಗಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು, ಫ್ಲ್ಯಾಶ್‌ಬ್ಯಾಕ್ ಬಾಕಿಯಿತ್ತು. ಮೀಸೆ ಸರಿಮಾಡಿಕೊಂಡು ರಂಗಕ್ಕೆ ಹೋಗಿ, ಮಗಳ ಎದುರು ನಿಂತು, ಬಾಗಿಲ ಕಡೆ ಕೈ ತೋರಿಸಿದೆ. 'ಹೊರಟು ಹೋಗು' ಎಂದು ನಾನೇ ಬರೆದ ಮಾತು ಬಾಯಿಗೆ ಬರಲಿಲ್ಲ.